ಬೀಡಿಯ ಹೆಬ್ಬೆರಳು, ಬೇಸಿನ ತಂತಿ

“ನಿಮ್ಗೆ ಸ್ಲಾಪ್ ಬರ್ಲಿಕ್ಕಿಲ್ಲ ವಾರಿಜಾ” ಎಂದು ಮೊದಲು ಹೇಳಿದವರು ನನ್ನ ಗಿಟಾರ್ ಗುರುಗಳಾದ ಲ್ಯಾನ್ಸಿ ಮಾಸ್ಟ್ರು. ಎರಡನೆಯವಳು ನನ್ನ ಅಮ್ಮ. ಸ್ಲಾಪ್ ಎಂದರೇನೆಂದು ಅಮ್ಮನಿಗೆ ಗೊತ್ತಿರಲಿಲ್ಲ, ಅದು ನನ್ನಿಂದ ಆಗುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಮೂರನೆಯವಳು ಅಣ್ಣನ ಮಗಳು ದೀಕ್ಷಾ. ಅವಳು ಬಾಯಿಬಿಟ್ಟು ಹೇಳಲಿಲ್ಲ, ಹುಬ್ಬು ಏರಿಸಿದಳು. ಪಿಯುಸಿ ಪ್ರಾಯದ ಹುಡುಗಿ ಹುಬ್ಬು ಏರಿಸಿದರೆ ಅದರಲ್ಲಿ ಎಷ್ಟು ಮಾತು ಇರುತ್ತದೆಂದು ಮನೆಯಲ್ಲಿ ಅಂಥವಳೊಬ್ಬಳು ಇರುವವರಿಗೆ ನಾನು ಹೇಳಬೇಕಾಗಿಲ್ಲ.

ಇದೆಲ್ಲ ನೆನಪಾದದ್ದು ಇವತ್ತು ಬೆಳಿಗ್ಗೆ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚುವಾಗ. ಬಟ್ಟೆಯ ನೂಲು ನನ್ನ ಬಲಗೈಯ ಹೆಬ್ಬೆರಳಿಗೆ ಸಿಕ್ಕಿಕೊಂಡಿತು. ಆ ಬೆರಳಿನ ಚರ್ಮ ಎರಡು ಕಡೆ ದಪ್ಪಗಾಗಿದೆ. ತುದಿಯಲ್ಲಿರುವುದು ಹಳೆಯದು, ಬೀಡಿಯದ್ದು. ಬೆರಳಿನ ಗಂಟಿನ ಪಕ್ಕದಲ್ಲಿರುವುದು ಹೊಸದು, ಬೇಸ್ ಗಿಟಾರಿನದ್ದು. ಒಂದೇ ಬೆರಳಿನಲ್ಲಿ ಇವೆರಡೂ ಇರುವವರು ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಹುಡುಕಿದರೂ ಇನ್ನೊಬ್ಬರು ಸಿಗಲಿಕ್ಕಿಲ್ಲ. ಸಿಕ್ಕಿದರೆ ತಿಳಿಸಿ, ಒಟ್ಟಿಗೆ ಕೂತು ಚಾ ಕುಡಿಯುವ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಹೇಳುವ ಅವಕಾಶ ಸಿಕ್ಕಿದಲ್ಲೆಲ್ಲ ಹೇಳುತ್ತೇನೆ, ಸಿಗದಿದ್ದರೆ ಹುಟ್ಟಿಸಿಕೊಳ್ಳುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು “ಈ ವರ್ಷ ಸೆಕೆ ಜೋರುಂಟು” ಎಂದರೆ, “ಹೌದು, ನಾನು ಬಿ.ಕಾಂ. ಪರೀಕ್ಷೆ ಬರೆಯುವಾಗಲೂ ಹೀಗೇ ಇತ್ತು” ಎನ್ನುವ ಪೈಕಿ ನಾನು. ಅದೂ ಫಸ್ಟ್ ಕ್ಲಾಸು. ಅದನ್ನು ಹೇಳುವಾಗ ನನ್ನ ಸ್ವರ ಸ್ವಲ್ಪ ದಪ್ಪವಾಗುತ್ತದೆ ಎಂದು ದೀಕ್ಷಾ ಹೇಳುತ್ತಾಳೆ.

ಅಮ್ಮ ಬೀಡಿ ಕಟ್ಟುತ್ತಿದ್ದಳು. ನಾನೂ ಕಟ್ಟುತ್ತಿದ್ದೆ. ಕೆದಂಬಾಡಿಯ ನಮ್ಮ ಮನೆಯ ಜಗಲಿಯಲ್ಲಿ ಇಬ್ಬರೂ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕೂರುತ್ತಿದ್ದೆವು. ನನ್ನ ಗೆರಸೆಯ ಅಂಚಿಗೆ ಪಠ್ಯಪುಸ್ತಕ ಒರಗಿಸಿರುತ್ತಿತ್ತು, ಪುಟ ತಿರುಗಿಸಲು ಮೊಣಕೈ. ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಎಂದು ನಾನು ಕಲಿತದ್ದು ಹೊಗೆಸೊಪ್ಪಿನ ಹುಡಿಗೆ ಸೀನುತ್ತಾ. ಬೀಡಿ ಕಟ್ಟಿ ಗೊತ್ತಿಲ್ಲದವರಿಗೆ ಒಂದು ಸಂಗತಿ ಹೇಳಬೇಕು, ಯಾಕೆಂದರೆ ಮುಂದಿನ ಕಷ್ಟವೆಲ್ಲ ಅದರಿಂದಲೇ ಬಂದದ್ದು. ಕತ್ತರಿಸಿದ ಎಲೆಗೆ ಹುಡಿ ತುಂಬಿಸಿ ಸುತ್ತಿದ ಮೇಲೆ ಬೀಡಿಯ ಬಾಯಿಯನ್ನು ಹೆಬ್ಬೆರಳಿನಿಂದ ಒಳಗೆ ಮಡಚಬೇಕು. ಮಡಚಿ, ಒತ್ತಿ, ಹಾಗೆಯೇ ಒಂದು ಗಳಿಗೆ ಹಿಡಿಯಬೇಕು. ಬೇಗ ಬಿಟ್ಟರೆ ಎಲೆ ಬಿಚ್ಚಿಕೊಳ್ಳುತ್ತದೆ. ಬಾಯಿ ಬಿಚ್ಚಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿನವರು ತೆಗೆದುಕೊಳ್ಳುತ್ತಿರಲಿಲ್ಲ, ಪಕ್ಕಕ್ಕೆ ಎಸೆಯುತ್ತಿದ್ದರು. ಹಾಗಾಗಿ ಅಮ್ಮನ ಪಾಠ ಒಂದೇ: “ಬಿಡ್ಬೇಡ. ಹಿಡ್ಕೊ. ಬಿಡ್ಬೇಡ.” ಒಂದನೇ ಕ್ಲಾಸಿನಿಂದ ಡಿಗ್ರಿ ಮುಗಿಯುವವರೆಗೆ ನನ್ನ ಹೆಬ್ಬೆರಳು ಕಲಿತ ವಿದ್ಯೆ ಇದೊಂದೇ.

ಡಿಗ್ರಿ ಆದ ಮೇಲೆ ಪುತ್ತೂರಿನ ಒಂದು ಸೊಸೈಟಿಯಲ್ಲಿ ಕೆಲಸ ಸಿಕ್ಕಿತು. ಸಂಜೆ ನಮ್ಮ ಕಡೆಯ ಬಸ್ಸಿಗೆ ತುಂಬಾ ಹೊತ್ತು ಕಾಯಬೇಕು. ಬಸ್‌ಸ್ಟ್ಯಾಂಡಿನ ಹತ್ತಿರದ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಲ್ಯಾನ್ಸಿ ಮಾಸ್ಟ್ರ ಸಂಗೀತದ ಕ್ಲಾಸು. ಒಂದು ದಿನ ಮಳೆಗೆ ಹೆದರಿ ಆ ಮೆಟ್ಟಿಲಲ್ಲಿ ನಿಂತಿದ್ದೆ. ಮರುದಿನ ಮಳೆ ಇರಲಿಲ್ಲ, ಆದರೂ ನಿಂತೆ. ಮೂರನೆಯ ದಿನ ಮಾಸ್ಟ್ರು ಮೇಲಿನಿಂದ ಬಗ್ಗಿ ನೋಡಿ, “ಮೆಟ್ಟಿಲಲ್ಲಿ ನಿಂತು ಕೇಳಿದ್ರೂ ಕಾಲು ನೋಯ್ತದೆ ಮಾರಾಯ್ತಿ, ಒಳಗೆ ಬಂದು ಕೂತ್ಕೊಳ್ಳಿ” ಎಂದರು.

ಒಳಗೆ ಹತ್ತಾರು ಮಕ್ಕಳು. ಎಲ್ಲರಿಗೂ ಸಣ್ಣ ತಂತಿಯ ಮಾಮೂಲಿ ಗಿಟಾರೇ ಬೇಕು. ಮೂಲೆಯಲ್ಲಿ ಉದ್ದ ಕುತ್ತಿಗೆಯ, ದಪ್ಪ ತಂತಿಯ ಒಂದು ಬೇಸ್ ಗಿಟಾರ್ ಗೋಡೆಗೆ ಮುಖ ಮಾಡಿ ನಿಂತಿತ್ತು, ಕ್ಲಾಸಿನಲ್ಲಿ ಬೊಬ್ಬೆ ಹಾಕಿ ಶಿಕ್ಷೆ ಸಿಕ್ಕಿದವರ ಹಾಗೆ. “ಅದಕ್ಕೆ ಯಾರೂ ಬರುದಿಲ್ಲ. ಅದು ಬಾರಿಸಿದವನ ಫೋಟೋ ಪೇಪರಿನಲ್ಲಿ ಬರುದಿಲ್ಲ ಅಲ್ವಾ” ಎಂದರು ಮಾಸ್ಟ್ರು. ನಾಲ್ಕೇ ತಂತಿ ಇದೆ, ಅಷ್ಟನ್ನು ನಿಭಾಯಿಸಬಹುದು ಎಂದುಕೊಂಡು ನಾನು ಅದನ್ನು ಎತ್ತಿಕೊಂಡೆ. ನಿಭಾಯಿಸಿದೆ ಕೂಡ. ತೋರುಬೆರಳು, ನಡುಬೆರಳುಗಳಿಂದ ಮೆಲ್ಲಗೆ ಮೀಟುವುದು ಬೇಗನೆ ಬಂತು. ಮಾಸ್ಟ್ರ ರಸಮಂಜರಿ ತಂಡದಲ್ಲಿ ಮದುವೆಗಳಿಗೆ, ಮೆಹೆಂದಿಗಳಿಗೆ, ಶಾಲೆಯ ವಾರ್ಷಿಕೋತ್ಸವಗಳಿಗೆ ಹೋಗತೊಡಗಿದೆ. ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ನಿಂತು ಬೇಸ್ ಬಾರಿಸುವ ಹೆಂಗಸನ್ನು ಜನ ಮೊದಲು ಅಡುಗೆಯವರು ತಪ್ಪಿ ವೇದಿಕೆ ಹತ್ತಿದ್ದಾರೆ ಎಂಬಂತೆ ನೋಡುತ್ತಿದ್ದರು. ಆಮೇಲೆ ರೂಢಿಯಾಯಿತು.

ಆದರೆ ಸ್ಲಾಪ್ ಬರಲಿಲ್ಲ. ಅದನ್ನು ಕೇಳದವರಿಲ್ಲ, ಹೆಸರು ಗೊತ್ತಿಲ್ಲ ಅಷ್ಟೆ. ಕುಣಿಯುವ ಹಾಡುಗಳ ನಡುವೆ ಬೇಸ್ ಇದ್ದಕ್ಕಿದ್ದಂತೆ ‘ಟಕ್ಕು ಟಪಕ್ಕು’ ಎಂದು ಮಾತಾಡುತ್ತದಲ್ಲ, ಅದು. ಹೆಬ್ಬೆರಳಿನ ಗಂಟಿನಿಂದ ದಪ್ಪ ತಂತಿಗೆ ಹೊಡೆಯಬೇಕು. ಹೊಡೆದ ಮರುಕ್ಷಣ ಬೆರಳು ಅಲ್ಲಿಂದ ಹಾರಿ ಬರಬೇಕು. ಆಗ ತಂತಿ ಕೆಳಗಿನ ಲೋಹದ ಪಟ್ಟಿಗೆ ಬಡಿದು ‘ಟಕ್’ ಎನ್ನುತ್ತದೆ. ಬೆನ್ನಿಗೇ ತೋರುಬೆರಳನ್ನು ಸಣ್ಣ ತಂತಿಯ ಅಡಿಗೆ ಹಾಕಿ ಎಳೆದು ಬಿಟ್ಟರೆ ‘ಟಪಕ್’. ಹೇಳಲು ಇಷ್ಟೇ. ನನ್ನ ಹೆಬ್ಬೆರಳು ಹೊಡೆಯುತ್ತಿತ್ತು, ಆಮೇಲೆ ಅಲ್ಲೇ ಕೂರುತ್ತಿತ್ತು. ತಂತಿಯನ್ನು ಒತ್ತಿ ಹಿಡಿದು, ಎಲೆ ಬಿಚ್ಚದಂತೆ ಕಾಯುತ್ತಿತ್ತು. ಸ್ವರ ಬಾಯಿ ತೆರೆಯುವ ಮೊದಲೇ ಅದರ ಬಾಯಿ ಮುಚ್ಚಿ ಆಗುತ್ತಿತ್ತು.

ಮಾಸ್ಟ್ರು ಒಂದು ದಿನ ನನ್ನ ಬೆರಳನ್ನು ಹತ್ತಿರದಿಂದ ನೋಡಿದರು.

“ಇದೆಂತದು, ಹೋದಲ್ಲೇ ಕೂತ್ಕೊಳ್ತದೆ? ನೆಂಟರ ಮನೆಗೆ ಹೋದ ಹಾಗೆ?”

“ಬೀಡಿ ಕಟ್ಟಿದ ಬೆರಳು ಮಾಸ್ಟ್ರೇ.”

“ಅಯ್ಯೋ ದೇವರೇ. ಎಷ್ಟು ವರ್ಷ?”

ಹೇಳಿದೆ. ಆಗ ಬಂದದ್ದೇ ಮೊದಲಿನ ಆ ಮಾತು. ಕೋಪದಲ್ಲಿ ಹೇಳಿದ್ದಲ್ಲ, ಡಾಕ್ಟರು ಹೇಳುತ್ತಾರಲ್ಲ ಹಾಗೆ ಹೇಳಿದ್ದು. “ಬಿಡಿ, ಬೆರಳಲ್ಲಿ ಮೀಟಿದ್ರೆ ಧಾರಾಳ. ಸ್ಲಾಪೆಲ್ಲ ಸುಮ್ನೆ ಗಮ್ಮತ್ತಿಗೆ.” ಅಂದಿನಿಂದ ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳತೊಡಗಿದೆ, ಸುಮ್ಮನೆ ಗಮ್ಮತ್ತಿಗೆ ಎಂದು. ಲಂಡನಿನ ಸಂಸ್ಥೆಯೊಂದರ ಗ್ರೇಡ್ ಪರೀಕ್ಷೆಗೆ ಮಾಸ್ಟ್ರು ಪ್ರತಿ ವರ್ಷ ಮಕ್ಕಳನ್ನು ಕೂರಿಸುತ್ತಿದ್ದರು. ನನ್ನನ್ನೂ ಕೇಳುತ್ತಿದ್ದರು. ನನ್ನ ಮಟ್ಟದ ಪರೀಕ್ಷೆಯಲ್ಲಿ ಸ್ಲಾಪಿನ ತುಣುಕೊಂದು ಇತ್ತು. ಅದನ್ನು ಬಿಟ್ಟು ಬೇರೆಯದ್ದು ಆರಿಸಬಹುದಿತ್ತು, ಆದರೆ ಫಸ್ಟ್ ಕ್ಲಾಸಿನವಳಿಗೆ ಅದು ಮರ್ಯಾದೆಯಲ್ಲ. ಸೊಸೈಟಿಯಲ್ಲಿ ಆಡಿಟ್ ಉಂಟು ಎಂದು ತಪ್ಪಿಸಿಕೊಳ್ಳುತ್ತಿದ್ದೆ. ನಾನು ಹೇಳಿದಷ್ಟು ಆಡಿಟ್ ಯಾವ ಸೊಸೈಟಿಯಲ್ಲಿಯೂ ಆಗಿರಲಿಕ್ಕಿಲ್ಲ.

ಹೀಗಿರುವಾಗ ದೀಕ್ಷಾ ಎರಡನೇ ಪಿಯುಸಿಯಲ್ಲಿ ಫೇಲಾದಳು. ಒಂದೇ ವಿಷಯ, ಅಕೌಂಟೆನ್ಸಿ. ಅದು ನನ್ನ ವಿಷಯ, ಹೇಳಿಕೊಟ್ಟವಳೂ ನಾನೇ. ಫಲಿತಾಂಶದ ದಿನ ಅವಳು ಅಳಲಿಲ್ಲ. ಊಟ ಮಾಡಿ ತಟ್ಟೆ ತೊಳೆದಿಟ್ಟು, “ಇನ್ನು ನಾನು ಬರೆಯುದಿಲ್ಲ” ಎಂದಳು. ಮತ್ತೊಮ್ಮೆ ಬರೆಯಲು ಅವಕಾಶವಿತ್ತು. ಅಣ್ಣ ಕಾಲೇಜಿಗೆ ಹೋಗಿ ಅರ್ಜಿ ತುಂಬಿಸಿ ಬಂದ. “ಅರ್ಜಿ ತುಂಬಿಸಿದ್ರೆ ಎಂತ? ಕೂತು ಬರೆಯುದು ನಾನಲ್ವಾ?” ಎಂದಳು. ಅತ್ತಿಗೆಯ ಕಡೆಯವರ ಬಟ್ಟೆ ಅಂಗಡಿ ಸುಳ್ಯದಲ್ಲಿದೆ. ಅಲ್ಲಿ ಕೆಲಸಕ್ಕೆ ಹೋಗುತ್ತೇನೆ ಎಂದು ತಾನೇ ಫೋನು ಮಾಡಿ ಮಾತಾಡಿದಳು. ಅಂಗಡಿ ಕೆಲಸಕ್ಕೆ ಏನೂ ಕುಂದಿಲ್ಲ. ಆದರೆ ಆ ಹುಡುಗಿ ಓದು ಬಿಡುತ್ತಿದ್ದದ್ದು ಓದು ಬೇಡವೆಂದಲ್ಲ, ಇನ್ನೊಮ್ಮೆ ಬಿದ್ದರೆ ಎಂಬ ಹೆದರಿಕೆಯಿಂದ. ಅದು ನನಗೆ ತಿಳಿಯುತ್ತಿತ್ತು. ಈ ಸಲ ಎದ್ದು ಹೋದರೆ ಮತ್ತೆ ಪುಸ್ತಕದ ಹತ್ತಿರ ಬರುವವಳಲ್ಲ ಎಂಬುದೂ ತಿಳಿಯುತ್ತಿತ್ತು. ಅಣ್ಣ ಎಂಟನೇ ಕ್ಲಾಸಿನಲ್ಲಿ ಹಾಗೆಯೇ ಎದ್ದು ಹೋದವನು.

ನಾನು ಸುಮ್ಮನಿರುವವಳೇ? ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಭಾಷಣ, ಸಂಜೆ ಕಾಲು ತೊಳೆಯುವಾಗ ಒಂದು ಭಾಷಣ. ನಾನು ಬೀಡಿ ಕಟ್ಟಿ ಓದಿದವಳು, ಚಿಮಿಣಿ ದೀಪದಲ್ಲಿ ಓದಿದವಳು, ಹೆದರಿ ಕೂತವರಿಂದ ಯಾವ ಕೆಲಸವೂ ಆಗುವುದಿಲ್ಲ, ಇತ್ಯಾದಿ. ನಮ್ಮಲ್ಲಿ ಅಪ್ಪನ ತಂಗಿಯನ್ನು ಮಾಮಿ ಎನ್ನುತ್ತಾರೆ. “ಆಯ್ತು ಮಾಮಿ” ಎನ್ನುತ್ತಿದ್ದಳು ದೀಕ್ಷಾ, ರೇಡಿಯೋದ ಕಿವಿ ಹಿಂಡಿದ ಹಾಗೆ. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಅದೇ ವಾರ ಐವರ್ನಾಡಿನಲ್ಲಿ ಒಂದು ಮನೆಯ ಮೆಹೆಂದಿಗೆ ನಮ್ಮ ತಂಡದ ಕಾರ್ಯಕ್ರಮವಿತ್ತು. ಮನಸ್ಸಿಗೆ ಹಗುರವಾಗಲಿ ಎಂದು ಅವಳನ್ನೂ ಕರೆದುಕೊಂಡು ಹೋದೆ. ಮುಸ್ಸಂಜೆ, ಅಂಗಳದಲ್ಲಿ ಚಪ್ಪರ, ಕುಣಿಯಲು ಸಿದ್ಧವಾಗಿ ನಿಂತ ಮದುಮಗಳ ಗೆಳತಿಯರು. ಒಂದು ಕುಣಿತದ ಹಾಡಿನ ನಡುವೆ ಎಲ್ಲ ವಾದ್ಯಗಳೂ ನಿಂತು ಬೇಸ್ ಒಂದೇ ಸ್ಲಾಪಿನಲ್ಲಿ ಮಾತಾಡುವ ಜಾಗವಿದೆ. ಯಾವಾಗಲೂ ನಮ್ಮ ಕೀಬೋರ್ಡಿನವರು ಅದನ್ನು ಕೀಬೋರ್ಡಿನಲ್ಲೇ ತುಂಬಿಸಿ ನನ್ನ ಮರ್ಯಾದೆ ಉಳಿಸುತ್ತಿದ್ದರು. ಅಂದು ಅವರಿಗೆ ಹುಷಾರಿಲ್ಲದೆ ಬೇರೊಬ್ಬರು ಬಂದಿದ್ದರು. ಆ ಜಾಗ ಬಂದಾಗ ಅವರು ಕೈ ಎತ್ತಿ, ನಗುತ್ತಾ ನನ್ನ ಕಡೆಗೆ ತೋರಿಸಿದರು. ದೀಕ್ಷಾ ಎದುರಲ್ಲೇ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಬೆಳಿಗ್ಗೆಯಷ್ಟೇ ಅವಳಿಗೆ ಹೆದರಿಕೆಯ ಬಗ್ಗೆ ಭಾಷಣ ಬಿಗಿದ ಬಾಯಿ ನನ್ನದು. ಹೆಬ್ಬೆರಳು ಎತ್ತಿ ಹೊಡೆದೆ.

ಹೊಡೆದದ್ದು ಹೌದು. ಬೆರಳು ಮೊದಲ ಎರಡು ತಂತಿಗಳ ನಡುವೆ ಇಳಿದು ಅಲ್ಲೇ ಒತ್ತಿ ಹಿಡಿಯಿತು. ಒಂದು ಸ್ವರ ‘ಡುಬ್’ ಎಂದಿತು, ಆಮೇಲೆ ಏನೂ ಇಲ್ಲ. ಇಡೀ ಅಂಗಳದಲ್ಲಿ ಜನರೇಟರಿನ ಶಬ್ದವೊಂದೇ. ಎತ್ತಿದ ಕೈಗಳನ್ನು ಹೇಗೆ ಇಳಿಸುವುದೆಂದು ತಿಳಿಯದೆ ಹುಡುಗಿಯರು ನಿಂತರು. ಡ್ರಮ್ಸಿನ ಹನೀಫಣ್ಣ ಬಡಬಡನೆ ಬಾರಿಸಿ ಹಾಡನ್ನು ಎಳೆದು ನಿಲ್ಲಿಸಿದರು. ಆಮೇಲೆ ನನ್ನತ್ತ ಬಗ್ಗಿ, “ಎಂತಾಯ್ತು ವಾರಿಜಕ್ಕ, ಕರೆಂಟ್ ಹೋಯ್ತಾ?” ಎಂದು ಕೇಳಿದರು. ಅವರದು ಕುಶಾಲಲ್ಲ, ನಿಜವಾಗಿ ಕೇಳಿದ್ದು. ಅದೇ ಹೆಚ್ಚು ನೋವಾದದ್ದು.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದೀಕ್ಷಾ ಬಂದು ಮೊಬೈಲು ಚಾಚಿದಳು.

“ಮಾಮಿ, ನಿಮ್ಮ ಮುಖ ನೋಡಿ ಇಲ್ಲಿ.”

ನೋಡಿದೆ. ಅಂಥ ಮುಖವನ್ನು ನಾನು ಅದಕ್ಕಿಂತ ಮೊದಲು ಒಮ್ಮೆ ಮಾತ್ರ ನೋಡಿದ್ದೆ, ಫಲಿತಾಂಶದ ದಿನ ಅವಳದ್ದು.

“ಮಾಸ್ಟ್ರು ಪ್ರತಿ ವರ್ಷ ಪರೀಕ್ಷೆಗೆ ಕೂತ್ಕೊಳ್ಳಿ ಅಂತಾರಲ್ಲ, ನೀವ್ಯಾಕೆ ಕೂತ್ಕೊಳ್ಳುದಿಲ್ಲ?”

“ಅದರಲ್ಲಿ ಈ ಸ್ಲಾಪ್ ಉಂಟು.”

“ಓ” ಎಂದಳು. ಮೊಬೈಲನ್ನು ಕಲ್ಲಿನ ಮೇಲೆ ಇಟ್ಟಳು. ಆಮೇಲೆ ಹೇಳಿದಳು, “ನೀವು ಆ ಪರೀಕ್ಷೆಗೆ ಕೂತ್ಕೊಳ್ಳಿ. ಸ್ಲಾಪಿನ ತುಣುಕೇ ಬಾರಿಸ್ಬೇಕು, ಬೇರೆಯದ್ದು ಆಗ್ಲಿಕ್ಕಿಲ್ಲ. ಪಾಸಾದ್ರೆ ನಾನೂ ಬರೀತೇನೆ. ಆಗದಿದ್ರೆ ಸುಳ್ಯಕ್ಕೆ ಹೋಗ್ತೇನೆ, ನೀವು ಇನ್ನು ಭಾಷಣ ಮಾಡ್ಲಿಕ್ಕಿಲ್ಲ.”

ಅಡುಗೆಮನೆಯ ಕಿಟಕಿಯಲ್ಲಿ ಅತ್ತಿಗೆಯ ಮುಖ ಕಂಡಿತು. ಸೌಟು ಹಿಡಿದ ಕೈ ಹಾಗೆಯೇ ನಿಂತಿತ್ತು. ನಾನು ಆಯ್ತು ಎಂದೆ. ಬೇರೆ ಏನು ಹೇಳಬೇಕಿತ್ತು, ನೀವೇ ಹೇಳಿ.

ಮಾಸ್ಟ್ರು ಕೇಳಿ ತಲೆ ಚಚ್ಚಿಕೊಂಡರು. “ಮಗುವಿನ ಓದನ್ನು ಯಾರಾದ್ರೂ ಹೆಬ್ಬೆರಳಿಗೆ ಕಟ್ತಾರಾ ಮಾರಾಯ್ತಿ? ಸ್ಲಾಪ್ ಬಿಟ್ಟು ಬೇರೆ ತುಣುಕು ಆರಿಸ್ಲಿಕ್ಕೆ ಅವಕಾಶ ಉಂಟು. ಅವಳಿಗೆಂತ ಗೊತ್ತಾಗ್ತದೆ?”

“ಗೊತ್ತಾಗ್ತದೆ. ಅವಳೇ ಹೊರಗೆ ಕೂತು ಕೇಳ್ತಾಳಂತೆ.”

“ಹಾಗಾದ್ರೆ ದೇವರೇ ಗತಿ” ಎಂದು ಹೇಳಿ ನನ್ನ ಹೆಸರು ಸೇರಿಸಿದರು. ಪರೀಕ್ಷಕರು ಸಾಧಾರಣವಾಗಿ ಮಂಗಳೂರಿಗೆ ಬರುವವರು. ಈ ಸಲ ಮಕ್ಕಳು ಹೆಚ್ಚಿದ್ದುದರಿಂದ ಪುತ್ತೂರಿಗೇ ಬರುವವರಿದ್ದರು. ಅವರು ಬರುವುದು ಮಳೆಗಾಲದ ಮೊದಲು, ದೀಕ್ಷಾಳ ಪರೀಕ್ಷೆ ಮಳೆ ಹಿಡಿದ ಮೇಲೆ. ನನ್ನ ಫಲಿತಾಂಶ ಎರಡರ ನಡುವೆ ಬರಬೇಕು. ಬಂದರೆ.

ಅಲ್ಲಿಂದ ಮನೆಯಲ್ಲಿ ಶುರುವಾಯಿತು ‘ಡುಬ್ ಡುಬ್’. ಪಕ್ಕದ ಮನೆಯ ಐಸಮ್ಮ ಮೊದಲ ದಿನ ಬೇಲಿಯ ಹತ್ತಿರ ಬಂದು, “ವಾರಿಜಾ, ಒಳಗೆ ಎಂತ, ಗೋಡೆ ಒಡೀತಾ ಉಂಟಾ?” ಎಂದು ಕೇಳಿದರು. ಗಿಟಾರ್ ತೋರಿಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಬಂದರು. “ಇನ್ನೂ ಒಡೆದು ಆಗ್ಲಿಲ್ವಾ?” ಅಮ್ಮ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಾ, “ಅದಕ್ಕೆ ನೋವಾಗುವಷ್ಟು ಹೊಡಿಬೇಡ” ಎನ್ನುತ್ತಿದ್ದಳು. ಅದಕ್ಕೆ ಎಂದರೆ ಬೆರಳಿಗೋ ಗಿಟಾರಿಗೋ ನನಗೆ ತಿಳಿಯಲಿಲ್ಲ. ಹೆಬ್ಬೆರಳ ಪಕ್ಕ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಬಿಳಿ ಪಟ್ಟಿ ಸುತ್ತಿಕೊಂಡು ಸೊಸೈಟಿಗೆ ಹೋಗುತ್ತಿದ್ದೆ. ಪಾಸ್‌ಬುಕ್ ಕೊಡಲು ಬಂದವರೆಲ್ಲ ಕೇಳುವವರೇ. ಕತ್ತಿ ತಾಗಿತು ಎಂದು ಹೇಳುತ್ತಿದ್ದೆ. ಸ್ಲಾಪ್ ಎಂದು ವಿವರಿಸಲು ಹೊರಟರೆ ಕೌಂಟರಿನ ಸಾಲು ರಸ್ತೆಗೆ ಮುಟ್ಟುತ್ತಿತ್ತು.

ದಿನ ಹತ್ತಿರ ಬರುತ್ತಿತ್ತು, ಬೆರಳು ಮಾತ್ರ ಕೂತಲ್ಲೇ ಕೂತಿತ್ತು. ಇನ್ನೂ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿತ್ತು. ದೀಕ್ಷಾ ಪುಸ್ತಕ ಮುಟ್ಟುತ್ತಿರಲಿಲ್ಲ. ನಾನು ಬಾರಿಸುವ ಕೋಣೆಯ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ಒಂದು ‘ಡುಬ್’ ಆದ ಕೂಡಲೇ ತಲೆ ತಗ್ಗಿಸಿ ಹೊರಟು ಹೋಗುತ್ತಿದ್ದಳು. ನನ್ನ ಸೋಲು ಅವಳಿಗೆ ಸಂತೋಷ ಕೊಡುತ್ತದೆ ಎಂದು ನಾನು ಭಾವಿಸಿದ್ದೆ. ಅವಳ ಮುಖ ನೋಡಿದರೆ ಹಾಗೆ ಕಾಣಲಿಲ್ಲ.

ಬೆರಳು ಕೊನೆಗೂ ಹಿಡಿತ ಬಿಟ್ಟದ್ದು ಅಡುಗೆಮನೆಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ದೋಸೆಗೆ ಕಾವಲಿ ಇಟ್ಟಿದ್ದೆ. ಎಣ್ಣೆಯಲ್ಲಿ ಅದ್ದಿದ ನೀರುಳ್ಳಿ ತುಂಡಿನಿಂದ ಕಾವಲಿಗೆ ಒರಸುವಾಗ ಮನಸ್ಸು ಗಿಟಾರಿನ ಮೇಲಿತ್ತು. ನೀರುಳ್ಳಿ ಜಾರಿ ಹೆಬ್ಬೆರಳ ಪಕ್ಕ, ಸರಿಯಾಗಿ ಗುಳ್ಳೆಯ ಜಾಗದಲ್ಲೇ, ಕಾದ ಕಾವಲಿಗೆ ತಾಗಿತು. ಬೆರಳು ಹಿಂದೆ ಬಂತು. ನಾನು ತೆಗೆದದ್ದಲ್ಲ, ಅದೇ ಬಂದದ್ದು. ಹೋದದ್ದೂ ಬಂದದ್ದೂ ಒಂದೇ ಎನ್ನುವ ಹಾಗೆ. ಉರಿಯುವ ಬೆರಳನ್ನು ಬಾಯಲ್ಲಿಟ್ಟುಕೊಂಡು ಅಲ್ಲೇ ನಿಂತೆ. ಆಮೇಲೆ ಓಡಿದೆ.

ತಂತಿಯನ್ನು ಕಾವಲಿ ಎಂದುಕೊಂಡು ಹೊಡೆದೆ. ‘ಟಕ್’.

ಮತ್ತೊಮ್ಮೆ. ‘ಟಕ್’. ಉರಿಯಿಂದ ಕಣ್ಣಲ್ಲಿ ನೀರು. ಮತ್ತೂ ಹೊಡೆದೆ. ‘ಟಕ್’ ಆದ ಮೇಲೆ ಸ್ವರ ನಿಂತೇ ಇತ್ತು, ಗುಡಿಯ ಗಂಟೆ ಬಾರಿಸಿದ ಮೇಲೆ ಉಳಿಯುತ್ತದಲ್ಲ ಹಾಗೆ. ಬಾಗಿಲಲ್ಲಿ ದೀಕ್ಷಾ ಬಂದು ನಿಂತಿದ್ದಳು. ಏನಾದರೂ ಹೇಳುತ್ತಾಳೆಂದು ಕಾದೆ.

“ಮಾಮಿ, ಕಾವಲಿಯಲ್ಲಿ ಹೊಗೆ ಬರ್ತಾ ಉಂಟು” ಎಂದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು ಎಂದು ನಿಮಗನಿಸಬಹುದು. ನನಗೂ ಅನಿಸಿತ್ತು. ಆದರೆ ಹಳೆಯ ವಿದ್ಯೆ ಅಷ್ಟು ಸುಲಭದಲ್ಲಿ ಜಾಗ ಬಿಡುವುದಿಲ್ಲ. ಸಮಾಧಾನದಲ್ಲಿದ್ದಾಗ ಬೆರಳು ಕಾವಲಿಯನ್ನು ನೆನಪಿಟ್ಟುಕೊಳ್ಳುತ್ತಿತ್ತು. ಸ್ವಲ್ಪ ಗಡಿಬಿಡಿಯಾದರೆ ಬೀಡಿಗೆ ಓಡುತ್ತಿತ್ತು. ಮಾಸ್ಟ್ರು ಕೇಳಿ, “ಓ, ಬಂತಲ್ಲ!” ಎಂದು ಕುರ್ಚಿಯಿಂದ ಎದ್ದರು. ತುಣುಕಿನ ಕೊನೆಗೆ ಬರುವಾಗ ಮತ್ತೆ ಕೂತರು.

ಪರೀಕ್ಷೆ ಮಾಸ್ಟ್ರ ಕ್ಲಾಸಿನಲ್ಲೇ. ಹೊರಗೆ ಮೆಟ್ಟಿಲಿನಲ್ಲಿ ಮಕ್ಕಳು, ಅವರ ತಾಯಂದಿರು, ಮತ್ತು ಗಿಟಾರಿನ ಚೀಲ ತಬ್ಬಿಕೊಂಡು ಕೂತ ನಾನು. ಒಂದು ಮಗು ನನ್ನನ್ನು ನೋಡಿ ತಾಯಿಯ ಹತ್ತಿರ, “ಅಮ್ಮ, ಈ ಆಂಟಿಯ ಮಗ ಎಲ್ಲಿ?” ಎಂದು ಕೇಳಿತು. ದೀಕ್ಷಾ ಕೆಳಗಿನ ಮೆಟ್ಟಿಲಿನಲ್ಲಿದ್ದಳು. ನನ್ನನ್ನು ನೋಡಲಿಲ್ಲ, ತನ್ನ ಉಗುರು ಕಚ್ಚುತ್ತಿದ್ದಳು.

ಪರೀಕ್ಷಕರು ಹೊರಗಿನವರು, ಸೌಮ್ಯ ಮುಖದವರು. ಇಂಗ್ಲಿಷಿನಲ್ಲಿ ಏನೋ ಕುಶಲ ಕೇಳಿದರು. ಹೆದರಿಕೆಗೆ ನನ್ನ ಇಂಗ್ಲಿಷೆಲ್ಲ ಓಡಿಹೋಗಿ ಒಂದು ‘ಯೆಸ್’ ಮಾತ್ರ ಉಳಿದಿತ್ತು, ಅದನ್ನೇ ಎಲ್ಲದಕ್ಕೂ ಬಳಸಿದೆ. ಮೊದಲ ಎರಡು ತುಣುಕುಗಳು ಬೆರಳಲ್ಲಿ ಮೀಟುವಂಥವು. ಸರಿಯಾಗಿ ಹೋದವು. ಮೂರನೆಯದಕ್ಕೆ ಅವರು ಸ್ಪೀಕರಿನಲ್ಲಿ ಹಿನ್ನೆಲೆಯ ಸಂಗೀತ ಹಾಕಿದರು. ಅದು ರೆಕಾರ್ಡ್ ಮಾಡಿದ್ದು, ಹನೀಫಣ್ಣನ ಹಾಗೆ ಯಾರಿಗಾಗಿಯೂ ಕಾಯುವಂಥದ್ದಲ್ಲ.

ಕಾವಲಿ, ಕಾವಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಶುರು ಮಾಡಿದೆ. ಟಕ್ಕು, ಟಪಕ್ಕು. ಮೊದಲ ಸಾಲು ಆಯಿತು. ಎರಡನೆಯದೂ ಆಯಿತು. ಆಗ ನನ್ನೊಳಗೆ ಒಂದು ಹೆಮ್ಮೆ ತಲೆ ಎತ್ತಿತು. ಇದನ್ನು ಯಾರಿಗೆಲ್ಲ ಹೇಳಬೇಕು ಎಂದು ಪಟ್ಟಿ ಮಾಡತೊಡಗಿದೆ. ಪಟ್ಟಿಯ ಮೊದಲ ಹೆಸರು ಮುಗಿಯುವ ಮೊದಲೇ ಬೆರಳು ತಂತಿಯ ಮೇಲೆ ಕೂತಿತು. ‘ಡುಬ್’. ಸ್ಪೀಕರಿನ ಸಂಗೀತ ನನ್ನನ್ನು ಬಿಟ್ಟು ಮುಂದೆ ಹೋಯಿತು, ಕೈ ತೋರಿಸಿದರೂ ನಿಲ್ಲಿಸದ ಬಸ್ಸಿನ ಹಾಗೆ. ಪರೀಕ್ಷಕರು ಬರೆಯುತ್ತಿದ್ದ ಪೆನ್ನು ನಿಂತಿತು. ಐವರ್ನಾಡಿನ ಅಂಗಳ ಕಣ್ಣ ಮುಂದೆ ಬಂತು. ಬಾಗಿಲಾಚೆ ಮೆಟ್ಟಿಲಿನಲ್ಲಿ ಆ ಹುಡುಗಿ ನನ್ನ ಬೇಸ್ ನಿಂತದ್ದನ್ನು ಕೇಳುತ್ತಿದ್ದಾಳೆ ಎಂಬುದೂ ಗೊತ್ತಿತ್ತು. ಅವಳೀಗ ಎದ್ದು ಮೆಟ್ಟಿಲಿಳಿದು ಸುಳ್ಯದ ಬಸ್ಸು ಹತ್ತಿದರೆ ನಾನು ಅವಳಿಗೆ ಏನೆಂದು ಹೇಳಲಿ?

ಸಾಲು ಎಲ್ಲಿದೆ ಎಂದು ಕಿವಿಗೊಟ್ಟೆ. ಮುಂದಿನ ತಿರುವಿನಲ್ಲಿ ಹಾರಿ ಹಿಡಿದೆ. ಮೊದಲ ಹೊಡೆತ ಬೇರೆ ತಂತಿಗೆ ಬಿತ್ತು. ಎರಡನೆಯದು ಸರಿ. ತೋರುಬೆರಳು ಒಮ್ಮೆ ತಪ್ಪಿತು. ಕೊನೆಯ ನಾಲ್ಕು ಸಾಲು ಅಂದವಾಗಿತ್ತು ಎಂದು ನಾನು ಹೇಳುವುದಿಲ್ಲ. ನಡೆಯಿತು. ನಿಲ್ಲುವಾಗ ಸಂಗೀತವೂ ನಾನೂ ಒಟ್ಟಿಗೆ ನಿಂತೆವು. ಪರೀಕ್ಷಕರು ‘ಥ್ಯಾಂಕ್ಯೂ’ ಎಂದರು. ಆ ಒಂದು ಮಾತಿನೊಳಗೆ ಪಾಸೋ ಫೇಲೋ ಎಂದು ಹುಡುಕುತ್ತಾ ಹೊರಗೆ ಬಂದೆ.

ದೀಕ್ಷಾ ಇನ್ನೂ ಅಲ್ಲೇ ಕೂತಿದ್ದಳು.

“ನಡುವೆ ಒಂದ್ಕಡೆ ನಿಂತಿತಲ್ಲ ಮಾಮಿ?”

“ನಿಂತಿತು.”

“ಮತ್ತೆ ಶುರು ಮಾಡಿದಿರಲ್ಲ?”

“ಮಾಡಿದೆ.”

ಇಬ್ಬರೂ ಮನೆಯ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಪಕ್ಕದವರು ಮಳೆ ಬರುವ ಹಾಗೆ ಉಂಟು ಎಂದರು. ನಾನು ಹೌದು ಎಂದು ಮಾತ್ರ ಹೇಳಿದೆ.

ಕಾಯುವ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಳೆ ಹಿಡಿಯಿತು. ದೀಕ್ಷಾಳ ಪ್ರವೇಶಪತ್ರ ಬಂತು, ಅಣ್ಣ ಅದನ್ನು ದೇವರ ಫೋಟೋದ ಮುಂದೆ ಇಟ್ಟ, ಅವಳು ಅತ್ತ ತಿರುಗಿ ನೋಡಲಿಲ್ಲ. ಸುಳ್ಯದ ಅಂಗಡಿಯವರು, “ಯಾವಾಗ ಬರುದು?” ಎಂದು ಎರಡು ಸಲ ಫೋನು ಮಾಡಿದರು. ಅತ್ತಿಗೆ ಎರಡೂ ಸಲ, “ಮಳೆ ಬಿಡ್ಲಿ” ಎಂದಳು. ನಮ್ಮ ಊರಿನಲ್ಲಿ ಮಳೆ ಯಾವಾಗ ಬಿಡುತ್ತದೆಂದು ಅಂಗಡಿಯವರಿಗೂ ಗೊತ್ತು. ನಾನು ಭಾಷಣ ನಿಲ್ಲಿಸಿದ್ದೆ. ಊಟದ ಹೊತ್ತಿಗೆ ಎಲ್ಲರೂ ಚಟ್ನಿಯ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು. ಅಷ್ಟು ಜಾಗ್ರತೆಯಿಂದ ಚಟ್ನಿಯ ಬಗ್ಗೆ ಮಾತಾಡಿದ ಮನೆ ಬೇರೆ ಇರಲಿಕ್ಕಿಲ್ಲ.

ಅವಳ ಪರೀಕ್ಷೆಗೆ ಹತ್ತು ಹನ್ನೆರಡು ದಿನ ಇರುವಾಗ ಮಾಸ್ಟ್ರ ಫೋನು ಬಂತು. “ಬಂದಿದೆ. ಸಂಜೆ ಬನ್ನಿ.” ಪಾಸಾ ಎಂದು ಕೇಳುವ ಮೊದಲೇ ಇಟ್ಟರು. ದೀಕ್ಷಾಳನ್ನೂ ಬರಹೇಳಿದೆ. ಬರುವುದಿಲ್ಲ ಎನ್ನುತ್ತಾಳೆಂದು ಎಣಿಸಿದ್ದೆ. ಸೊಸೈಟಿಯ ಬಾಗಿಲಲ್ಲಿ ಕೊಡೆ ಹಿಡಿದು ನನಗಿಂತ ಮೊದಲೇ ನಿಂತಿದ್ದಳು. ಇಬ್ಬರೂ ಮಾಸ್ಟ್ರ ಕ್ಲಾಸಿನ ಮೆಟ್ಟಿಲು ಹತ್ತಿದೆವು. ಒದ್ದೆ ಸೀರೆಯ ನೆರಿಗೆ ಎತ್ತಿ ಹಿಡಿದು ನಾನು ಮುಂದೆ, ಅವಳು ಹಿಂದೆ.

ಮಾಸ್ಟ್ರು ಮಕ್ಕಳನ್ನು ಸುಮ್ಮನಿರಿಸಿ, ಮೇಜಿನ ಖಾನೆ ಎಳೆದು, ಪ್ಲಾಸ್ಟಿಕ್ ಹಾಳೆಯೊಳಗಿನ ಸರ್ಟಿಫಿಕೇಟನ್ನು ತೆಗೆದರು. ಕೈಯನ್ನು ಪ್ಯಾಂಟಿಗೆ ಒರಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

“ಪಾಸ್” ಎಂದರು. “ಹೆಚ್ಚು ಹಾರ್ಬೇಡಿ, ಅಂಚಿನಲ್ಲಿ ಪಾಸ್.”

ನೋಡಿದೆ. ಜೊತೆಗಿದ್ದ ಅಂಕಗಳ ಹಾಳೆಯಲ್ಲಿ ಮೊದಲ ಎರಡು ತುಣುಕುಗಳಿಗೆ ಒಳ್ಳೆಯ ಅಂಕ. ಸ್ಲಾಪಿನದ್ದಕ್ಕೆ ಬರೀ ಅಷ್ಟಕ್ಕಷ್ಟೆ. ಪಕ್ಕದಲ್ಲಿ ಪರೀಕ್ಷಕರು ಬರೆದಿದ್ದರು, ನಡುವೆ ಬೆರಳು ತಪ್ಪಿತು, ಆದರೂ ತಾಳಕ್ಕೆ ಹಿಂದಿರುಗಿದ್ದಾರೆ ಎಂದು. ಒಟ್ಟಿನಲ್ಲಿ ಗೆರೆಗಿಂತ ಒಂದೆರಡು ಅಂಕ ಮೇಲೆ. ಸಂತೋಷ ಬರುವ ಮೊದಲು ನಾಚಿಕೆ ಬಂತು. ಇಷ್ಟು ಕಡಿಮೆ ಅಂಕದ ಹಾಳೆಯನ್ನು ನಾನು ಜೀವಮಾನದಲ್ಲಿ ಕೈಯಲ್ಲಿ ಹಿಡಿದಿರಲಿಲ್ಲ. ಮಡಚಿ ಚೀಲಕ್ಕೆ ಹಾಕಿಕೊಳ್ಳುವ ಎಂದು ನೋಡಿದೆ.

ದೀಕ್ಷಾ ನನ್ನ ಕೈಯಿಂದ ಎರಡನ್ನೂ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಸ್ಲಾಪಿನ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು.

“ಇಷ್ಟಕ್ಕೂ ಪಾಸ್ ಕೊಡ್ತಾರಾ ಮಾಸ್ಟ್ರೇ?”

“ಕೊಡ್ತಾರೆ ಮಗಾ. ಪಾಸ್ ಅಂದ್ರೆ ಪಾಸ್.”

“ಮುಂದಿನ ವರ್ಷ ಇನ್ನೊಮ್ಮೆ ಕೂತು ಒಳ್ಳೆ ಮಾರ್ಕ್ ತೆಗೀತೇನೆ” ಎಂದೆ ನಾನು, ಯಾರೂ ಕೇಳದಿದ್ದರೂ.

“ಬೇಡ ಮಾಮಿ” ಎಂದಳು ಅವಳು. ಹಾಳೆಗಳನ್ನು ಮಡಚದೆ, ಮಳೆ ತಾಗದಂತೆ ಪ್ಲಾಸ್ಟಿಕ್ಕಿನೊಳಗೆ ಹಾಕಿ ತನ್ನ ದುಪಟ್ಟಾದ ಅಡಿಯಲ್ಲಿ ಇಟ್ಟುಕೊಂಡಳು. “ಇಷ್ಟು ಕಡಿಮೆಯಲ್ಲಿ ಪಾಸಾಗ್ಲಿಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಎಣಿಸಿದ್ದೆ ನಾನು. ನಡೀರಿ, ಈ ಬಸ್ಸು ತಪ್ಪಿದ್ರೆ ಮತ್ತೆ ತುಂಬಾ ಹೊತ್ತು ಉಂಟು. ನನ್ಗೆ ಓದ್ಲಿಕ್ಕುಂಟು.”